ಪತ್ರ ಬರೆದು ಕದ್ದ ಮಲ್ಲಿಗೆ

ನಾಯಿ ಬೊಗಳಬಹುದಿತ್ತು. ಆ ಮನೆಯಲ್ಲಿ ನಾಯಿ ಇರಲಿಲ್ಲ ನಿಜ. ಆದರೆ ನಾನು ಹೋಗುವ ವಾರವೇ ಹೊಸದಾಗಿ ತಂದಿರಬಾರದು ಎಂದೇನಿಲ್ಲವಲ್ಲ. ಕೊಂಬೆಗೆ ಚಾಕು ತಾಗಿಸುವ ಹೊತ್ತಿಗೆ ಸರಿಯಾಗಿ ಸೀನು ಬರಬಹುದಿತ್ತು. ಬಾವಿಕಟ್ಟೆಯ ಪಾಚಿಯ ಮೇಲೆ ಕಾಲು ಜಾರಿ ಚಾಕುಸಮೇತ ಬಾವಿಗೆ ಬೀಳಬಹುದಿತ್ತು. ಎತ್ತಲು ಬಂದವರು ‘ಚಾಕು ಯಾಕೆ?’ ಎಂದು ಕೇಳಿದರೆ ಒಳಗಿನಿಂದಲೇ, ಅದೂ ತೆಲುಗಿನಲ್ಲಿ, ವಿವರಣೆ ಕೊಡಬೇಕಾಗುತ್ತಿತ್ತು. ಗಾಬರಿಯಲ್ಲಿ ಮಲ್ಲಿಗೆಯ ಬದಲು ಪಕ್ಕದ ದಾಸವಾಳ ಕತ್ತರಿಸಬಹುದಿತ್ತು. ಬೀದಿಯವರು ‘ದೊಂಗ, ದೊಂಗ’, ಅಂದರೆ ಕಳ್ಳ ಕಳ್ಳ, ಎಂದು ಅಟ್ಟಿಸಿಕೊಂಡು ಬರಬಹುದಿತ್ತು. ಹೊರಡುವಾಗ ಅಭ್ಯಾಸಬಲದಿಂದ ಬಾಯಿಂದ ‘ಥ್ಯಾಂಕ್ಸ್ ಅಂಡಿ’ ಹೊರಬಿದ್ದು ಎಲ್ಲವೂ ಮಣ್ಣುಪಾಲಾಗಬಹುದಿತ್ತು. ರೈಲಿನಲ್ಲಿ ಟಿಕೆಟ್ ಕಲೆಕ್ಟರು ಗಿಡಕ್ಕೂ ಟಿಕೆಟ್ ಕೇಳಬಹುದಿತ್ತು. ಎದುರು ಸೀಟಿನವರ ಬಳಿ ಮೇಕೆಮರಿ ಇರಬಹುದಿತ್ತು.

ಹೀಗೆ ಒಟ್ಟು ಮೂವತ್ತೊಂದು. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೋಗುವ ರೈಲಿನಲ್ಲಿ ಕೂತು ಹಳೆಯ ಡ್ರಾಯಿಂಗ್ ಹಾಳೆಯೊಂದರ ಹಿಂಬದಿಯಲ್ಲಿ ಬರೆದಿದ್ದೆ. ಹಡಗು ರಿಪೇರಿಯ ನಕ್ಷೆ ಬರೆಯುವ ಕೆಲಸ ನನ್ನದು. ಅಪಾಯಗಳಿಗೆ ನಂಬರು ಹಾಕಿ ಕೆಳಗೆ ಗೆರೆ ಎಳೆಯದಿದ್ದರೆ ನನಗೆ ಅಪಾಯ ಎನಿಸುವುದೇ ಇಲ್ಲ.

ಕಳ್ಳತನ ಎಂದೊಡನೆ ನೀವು ಪುಟ ಮಡಚಬೇಡಿ. ನಾನು ಕದಿಯಲು ಹೊರಟಿದ್ದು ಮೂರು ಕಡ್ಡಿ ಮಲ್ಲಿಗೆ. ಅದೂ ಒಡತಿಗೆ ಮುಂಚಿತವಾಗಿ ಇನ್‌ಲ್ಯಾಂಡ್ ಲೆಟರ್ ಬರೆದು, ದಿನ ಗೊತ್ತು ಮಾಡಿಕೊಂಡು.

ಮೊನ್ನೆ ಮಳೆ ಬಂದಾಗ ಬಾಗಿಲ ಹಿಂದಿನ ಮೊಳೆಯಿಂದ ಕೊಡೆ ತೆಗೆದೆ ನೋಡಿ, ಅದರ ಹಿಡಿಕೆ ಕೈಗೆ ಬಂದೊಡನೆ ಇದೆಲ್ಲ ನೆನಪಾಯಿತು. ಕೊಡೆಯ ವಿಚಾರ ಆಮೇಲೆ. ಮೊದಲು ತೋಟದ ವಿಚಾರ ಹೇಳದಿದ್ದರೆ ನಾನು ಹುಟ್ಟುಕಳ್ಳ ಎಂದು ನೀವು ತಿಳಿದುಬಿಡುತ್ತೀರಿ.

ಎಂಬತ್ತರ ದಶಕದ ಕೊನೆಗೆ ನಮಗೆ ವಿಶಾಖಪಟ್ಟಣದಲ್ಲಿ ಸಿಕ್ಕ ಬಾಡಿಗೆ ಮನೆಯ ಮುಂದೆ ಎರಡು ಮಂಚ ಹಾಕುವಷ್ಟು ಜಾಗವಿತ್ತು. ಕೆಂಪು ಮಣ್ಣು, ಮೇಲೆ ಉಪ್ಪಿನ ಗಾಳಿ. ಅಲ್ಲಿ ತೋಟ ಮಾಡುತ್ತೇನೆಂದು ನನ್ನ ಹೆಂಡತಿ ಸರಳಾ ಘೋಷಿಸಿದಾಗ ನಾನು ಸಂಬಳದ ಕವರಿನ ಕಡೆ ನೋಡಿದೆ. ಅವಳು ನನ್ನ ಕಾಲಿನ ಕಡೆ ನೋಡಿದಳು. ಆಗ ಅರ್ಥವಾಗಲಿಲ್ಲ. ಮುಂದಿನ ಸೋಮವಾರ ಆಫೀಸಿಗೆ ಹೊರಟು ಬೂಟು ಹುಡುಕಿದರೆ, ಎಡಗಾಲಿನದರಲ್ಲಿ ಕೊತ್ತಂಬರಿ ಮೊಳೆತಿತ್ತು.

“ಅಟ್ಟೆ ಬಿಟ್ಟಿತ್ತು ಅಂತ ನೀವೇ ಅಂದ್ರಲ್ಲ?” ಎಂದಳು.

“ಬಲಗಾಲಿಂದು ಚೆನ್ನಾಗಿತ್ತಲ್ಲೇ!”

“ಅದಕ್ಕೇ ಅದನ್ನ ಮುಟ್ಟಿಲ್ಲ.”

ದುಡ್ಡು ಕೊಟ್ಟು ಕುಂಡ ಕೊಳ್ಳಬಾರದು ಎಂಬುದು ಅವಳ ಮೊದಲ ನಿಯಮ. ಸೋರುವ ಬಕೀಟು, ಕಿವಿ ಮುರಿದ ಬಾಣಲೆ, ಒಡೆದ ವಾಶ್ ಬೇಸಿನ್ನು, ಮಗಳು ಚಿನ್ನಿ ಎರಡು ವರ್ಷದವಳಿದ್ದಾಗ ಬೆಳಗಿನ ಕೆಲಸಕ್ಕೆ ಕೂರುತ್ತಿದ್ದ ಪ್ಲಾಸ್ಟಿಕ್ಕಿನ ಪೀಠ, ಎಲ್ಲಕ್ಕೂ ಮಣ್ಣು ಬಿತ್ತು. ಆ ಪೀಠದಲ್ಲಿ ಅರಳಿದ ಟೇಬಲ್ ರೋಸ್‌ನಷ್ಟು ಚೆಂದದ ಹೂವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಆದರೆ ನೋಡಲು ಬಂದವರೆಲ್ಲ ಅದನ್ನು ದೂರದಿಂದಲೇ ಹೊಗಳುತ್ತಿದ್ದರು. ಮೀನು ತೊಳೆದ ನೀರು ಗುಲಾಬಿಗೆ ಒಳ್ಳೆಯದೆಂದು ಯಾರೋ ಹೇಳಿದ್ದರಿಂದ ಪಕ್ಕದ ಮನೆಯವರ ಚರಿಗೆ ದಿನಾ ನಮ್ಮ ಕಾಂಪೌಂಡು ದಾಟಿ ಬರುತ್ತಿತ್ತು. ಗುಲಾಬಿ ಬೆಳೆಯಿತೋ ಇಲ್ಲವೋ, ಬೀದಿಯ ಏಳೂ ಬೆಕ್ಕುಗಳು ನಮ್ಮ ತೋಟದಲ್ಲಿ ಸಭೆ ಸೇರಲು ಶುರು ಮಾಡಿದವು. ಒಂದು ಭಾನುವಾರ ಋಷಿಕೊಂಡದ ಕಡಲಿಗೆ ಹೋಗಿ ಪಾತಿಯ ಅಂಚಿಗೆ ಜೋಡಿಸಲು ಕಪ್ಪೆಚಿಪ್ಪು ಆರಿಸಿ ತಂದೆವು. ಖಾಲಿ ಮರಳು, ಕೇಳುವವರು ಒಬ್ಬರೂ ಇರಲಿಲ್ಲ. ಆದರೂ ಸರ್ಕಾರದ ಚಿಪ್ಪು ಹೊತ್ತೊಯ್ಯುತ್ತಿದ್ದೇವೆಂದು ಯಾರಾದರೂ ತಡೆದರೆ ಏನು ಹೇಳುವುದೆಂದು ಬಸ್ಸಿನುದ್ದಕ್ಕೂ ಉತ್ತರ ತಯಾರಿಸಿದೆ. ಕಂಡಕ್ಟರು ನನ್ನ ಬೆವರು ನೋಡಿ ಕಿಟಕಿ ಸೀಟು ಬಿಡಿಸಿಕೊಟ್ಟ.

ಗಿಡದ ಹುಚ್ಚು ನನಗೆ ಹೊಸದಲ್ಲ. ಚಿತ್ರದುರ್ಗದ ನಮ್ಮ ವಠಾರದಲ್ಲಿ ಎಂಟು ಮನೆಗೆ ಒಂದು ನಲ್ಲಿ. ಅಮ್ಮ ವನಸ್ಪತಿ ಡಬ್ಬಿಯಲ್ಲಿ ಕನಕಾಂಬರ ಬೆಳೆಸಿ ಅಕ್ಕಿ ತೊಳೆದ ನೀರು ಹಾಕುತ್ತಿದ್ದಳು. ನಲ್ಲಿಯ ಸರದಿಯಲ್ಲಿ ನಿಂತಾಗ ಯಾರದಾದರೂ ಗಿಡದ ಚಿಗುರು ಕಂಡರೆ ಅವಳ ಕೈ ತಾನಾಗಿ ಅತ್ತ ಹೋಗುತ್ತಿತ್ತು; ಮುಖ ಮಾತ್ರ ಪಂಚಾಂಗ ಕೇಳುತ್ತಿರುವಷ್ಟು ಗಂಭೀರ. ನನಗೆ ಆ ಕೈ ಬರಲಿಲ್ಲ. ಅಕ್ಕನಿಗೂ ಬರಲಿಲ್ಲ. ಆದರೆ ಅಕ್ಕ, ಅಂದರೆ ಜಯಕ್ಕ, ವಿಜಯವಾಡದ ತೆಲುಗರ ಮನೆಗೆ ಸೊಸೆಯಾಗಿ ಹೋಗಿ ಆ ವಿದ್ಯೆಯಲ್ಲಿ ಪಂಡಿತೆಯಾದ ಅತ್ತೆಯನ್ನೇ ಪಡೆದಳು.

ಆ ಅತ್ತೆಯ ಹೆಸರು ರತ್ನಮ್ಮಗಾರು. ಒನ್ ಟೌನ್ ಎಂಬ ಪೇಟೆಯ ಹಳೇ ಮನೆ. ಬೀದಿಗೆ ಮುಖ ಮಾಡಿದ ಭಾಗದಲ್ಲಿ ಭಾವನ ಒಣಮೆಣಸಿನಕಾಯಿ ಸಗಟು ಅಂಗಡಿ, ಹಿಂದೆ ವಾಸ, ಅದರ ಹಿಂದೆ ಬಾವಿ, ಬಾವಿಯ ಪಕ್ಕ ಆ ಮಲ್ಲಿಗೆ. ನಾವು ಏಳು ಸುತ್ತಿನ ಮಲ್ಲಿಗೆ ಅನ್ನುತ್ತೇವೆ, ಅವರು ದೊಂತರ ಮಲ್ಲೆ ಅನ್ನುತ್ತಾರೆ. ರತ್ನಮ್ಮಗಾರು ಮದುವೆಯಾಗಿ ಬಂದ ವರ್ಷ ಅವರ ಯಜಮಾನರು ಯಾವುದೋ ಗುಡಿಯ ಅರ್ಚಕರ ಹಿತ್ತಿಲಿಂದ ಕೊಡೆಯೊಳಗೆ ಬಚ್ಚಿಟ್ಟು ಕದ್ದು ತಂದ ಗಿಡವಂತೆ. ಬುಡ ನನ್ನ ಮುಂಗೈ ದಪ್ಪ. ಬೇಸಿಗೆಯಲ್ಲಿ ಅದು ಹೂಬಿಟ್ಟರೆ ಮೆಣಸಿನ ಘಾಟನ್ನೂ ಮೀರಿ ಬೀದಿಗೆ ಪರಿಮಳ ಬರುತ್ತಿತ್ತು ಎಂದರೆ ನೀವೇ ಲೆಕ್ಕ ಹಾಕಿ. ಯಜಮಾನರು ಹೋಗಿ ಆರು ವರ್ಷವಾಗಿತ್ತು. ಅವರ ಕೊಡೆ ಮಾತ್ರ ಹಜಾರದ ಮೊಳೆಯಲ್ಲೇ ಇತ್ತು. ತಿಂಗಳಿಗೊಮ್ಮೆ ಅದನ್ನು ಬಿಸಿಲಿಗೆ ಬಿಚ್ಚಿಟ್ಟು, ಒರೆಸಿ, ಮಡಚಿ ಮತ್ತೆ ಅಲ್ಲೇ ನೇತುಹಾಕುತ್ತಿದ್ದರು. ಯಾರೂ ಮುಟ್ಟುತ್ತಿರಲಿಲ್ಲ.

ಆ ವರ್ಷ ಮನೆ ಕೆಡವುವ ಮಾತು ಗಟ್ಟಿಯಾಯಿತು. ಅಲ್ಲಿ ದೊಡ್ಡ ಗೋಡೌನು ಬರುತ್ತದೆ, ಬಾವಿ ಮುಚ್ಚುತ್ತಾರೆ, ಮನೆಯವರು ಬೆಂಜ್ ಸರ್ಕಲ್ ಹತ್ತಿರದ ಮೂರನೇ ಮಹಡಿಯ ಫ್ಲಾಟಿಗೆ ಹೋಗುತ್ತಾರೆ. ಬುಡ ಕಿತ್ತು ಒಯ್ಯುವಂತಿರಲಿಲ್ಲ. ಕಡ್ಡಿ ಕತ್ತರಿಸಿ ಹೆಣ್ಣುಮಕ್ಕಳಿಗೆ, ನೆಂಟರಿಗೆ, ಗುಡಿಗೆ, ಡಾಕ್ಟರಿಗೆ ಕೊಟ್ಟದ್ದೆಲ್ಲ ಒಂದೂ ಉಳಿಯದೆ ಒಣಗಿತ್ತು. ಕಾರಣ ರತ್ನಮ್ಮಗಾರಿಗೆ ಗೊತ್ತಿತ್ತು.

“ಇಸ್ತೇ ಬತಕದು ಬಾಬೂ, ದೊಂಗಿಲಿಸ್ತೇನೇ ಬತುಕುತುಂದಿ,” ಎಂದರು ನಾನು ಬೇಸಿಗೆಯಲ್ಲಿ ಹೋಗಿದ್ದಾಗ. ಕೊಟ್ಟ ಗಿಡ ಬದುಕದು, ಕದ್ದದ್ದೇ ಬದುಕುವುದು. ಆಮೇಲೆ ನನ್ನಕ್ಕನಿಂದ ಹದಿನೈದು ವರ್ಷದಲ್ಲಿ ಕಲಿತ ಕನ್ನಡದಲ್ಲಿ, “ಆಯನ, ನಮ್ಮ ಯಜಮಾನರು, ಕದ್ದು ತಂದಿದ್ದು ಕದಾ, ಅದಕ್ಕೇ ನಲವತ್ತು ವರ್ಷ ನಿಂತಿದೆ. ಈಗ ಕದಿಯೋ ಧೈರ್ಯ ಯಾರಿಗೂ ಇಲ್ಲ. ಎಲ್ಲಾ ಒಳ್ಳೆಯವರಾಗಿಬಿಟ್ಟಿದ್ದಾರೆ,” ಎಂದು ಬೇಸರಪಟ್ಟರು. ನನ್ನ ಕಡೆ ತಿರುಗಿ, “ಮಳೆಗಾಲದಲ್ಲಿ ನೀವು ಬಂದು ಕದಿಯಿರಿ ಬಾಬೂ. ನೇನು ಚೂಡನು,” ಎಂದರು. ನಾನು ನೋಡುವುದಿಲ್ಲ.

ಜಯಕ್ಕ ನಕ್ಕಳು. “ಇವನಾ ಅತ್ತಯ್ಯಾ? ಇವನು ಚಿಕ್ಕೋನಿದ್ದಾಗ ಬೆಲ್ಲ ಕದ್ದು ತಿಂದು, ತಾನೇ ಹೋಗಿ ಅಮ್ಮನಿಗೆ ಹೇಳಿ ಅತ್ತೋನು.”

“ಬೇರೆ ಯಾರಿದ್ದಾರಮ್ಮಾ?” ಎಂದರು ರತ್ನಮ್ಮಗಾರು. ಅವರು ಮಲ್ಲಿಗೆಯ ಬುಡದಲ್ಲಿ ಕೂತು ಒಣ ಎಲೆ ಆರಿಸುತ್ತಿದ್ದರು. ನಾನು ಒಪ್ಪಿಕೊಂಡೆ.

ಜುಲೈ ತಿಂಗಳಲ್ಲಿ ಪತ್ರ ಬರೆದೆ: ‘ಕ್ಷೇಮ. ಬರುವ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಕಳ್ಳತನಕ್ಕೆ ಬರೋಣವೆಂದಿದ್ದೇನೆ. ತಮಗೆ ಅನುಕೂಲವೇ ಹೇಗೆ, ತಿಳಿಸುವುದು.’ ಅಕ್ಕನ ಕೈಬರಹದಲ್ಲಿ ಉತ್ತರ ಬಂತು: ‘ಶುಕ್ರವಾರ ಹನ್ನೊಂದಕ್ಕೆ ರಾಹುಕಾಲ ಅಂತೆ. ಒಂಬತ್ತಕ್ಕೇ ಮುಗಿಸಬೇಕಂತೆ. ತಿಂಡಿ ಇಲ್ಲೇ. ಖಾಲಿ ಹೊಟ್ಟೆಯಲ್ಲಿ ಕದಿಯಬಾರದಂತೆ.’

ಈ ಪತ್ರ ನಮ್ಮ ಪಕ್ಕದ ಮನೆಯ ಪಾಟೀಲರ ಕೈಗೆ ಸಿಕ್ಕಿತು. ನೌಕಾಪಡೆಯಲ್ಲಿ ಎಂಜಿನ್ ವಿಭಾಗದವರು, ಧಾರವಾಡದ ಕಡೆಯವರು. ಮೀನಿನ ನೀರಿನ ಚರಿಗೆ ಅವರದೇ. ಎರಡು ಸಲ ಓದಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಅಲ್ರೀ ಸರ, ದಿನಾ ಗೊತ್ತ ಮಾಡಿ, ಕರದು, ನಾಷ್ಟಾ ಹಾಕಿ ಕಳಸ್ತಾರಂದ್ರ ಇದಕ್ಕ ಕಳತನ ಅಂತಾರೇನ್ರೀ? ಇದು ಬಾಗಿನಾ ಆತು!”

“ಮತ್ತೆ ಬದುಕೋದಿಲ್ಲ ಅಂತೀರಾ?”

“ನನಗ ಹ್ಯಾಂಗ ಗೊತ್ತಾಗಬೇಕ್ರೀ? ಆದ್ರ ಪರ್ಮಿಶನ್ ತಗೊಂಡ ಮ್ಯಾಲೆ ಕಳ್ಳ ಹ್ಯಾಂಗ ಆಗ್ತೀರಿ ನೀವು? ಗೆಸ್ಟ್ ಆಗ್ತೀರಿ.”

ಪಟ್ಟಿಯಲ್ಲಿ ಮೂವತ್ತೊಂದನೆಯದಾಗಿ ಬರೆದದ್ದು ಇದನ್ನೇ. ಉಳಿದ ಮೂವತ್ತಕ್ಕೂ ಏನಾದರೂ ಪರಿಹಾರವಿತ್ತು, ಇದಕ್ಕೆ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ವಿಜಯವಾಡದಲ್ಲಿ ಇಳಿದಾಗ ಮಳೆ ಹನಿಯುತ್ತಿತ್ತು. ಒದ್ದೆ ಕೊಡೆಯನ್ನು ಹಜಾರದ ಎರಡನೇ ಮೊಳೆಗೆ ಹಾಕಿ ಒಳಗೆ ಹೋದೆ. ಕಳ್ಳನಿಗಾಗಿ ಮಣೆ ಹಾಕಿದ್ದರು. ಪೆಸರಟ್ಟು ಎಂಬ ಹೆಸರುಕಾಳಿನ ದೋಸೆ, ಅದರೊಳಗೆ ಉಪ್ಮಾ, ಪಕ್ಕದಲ್ಲಿ ಶುಂಠಿ ಪಚ್ಚಡಿ. ಎರಡಕ್ಕೆ ಸಾಕೆಂದರೆ ರತ್ನಮ್ಮಗಾರು ಬಿಡಲಿಲ್ಲ. “ಮೂರು ಕಡ್ಡಿಗೆ ಮೂರು,” ಎಂದು ಇನ್ನೊಂದು ಹಾಕಿದರು. ಭಾವ ಅಂಗಡಿಯಿಂದ ಎದ್ದು ಬಂದು, “ಏಂ ಬಾಮ್ಮರ್ದಿ, ಎಲ್ಲಾ ರೆಡಿನಾ? ನಾನು ಬೀದಿ ಕಡೆ ನೋಡ್ಕೋತೀನಿ, ನೀನು ನಿಧಾನಕ್ಕೆ ಕದಿ,” ಎಂದು ಬೆನ್ನು ತಟ್ಟಿ ಹೋದರು.

ಹಿತ್ತಿಲಿಗೆ ಹೋದೆ. ಬಾವಿಕಟ್ಟೆಯ ಮೇಲೆ ಯಾರೋ ‘ಮರೆತು’ ಹೊಸದಾಗಿ ಸಾಣೆ ಹಿಡಿದ ಚಾಕು ಬಿಟ್ಟಿದ್ದರು. ಪಕ್ಕದಲ್ಲಿ ಒದ್ದೆ ಬಟ್ಟೆಯನ್ನೂ ಮರೆತಿದ್ದರು. ನಾನು ತಪ್ಪು ಕೊಂಬೆ ಕತ್ತರಿಸಬಾರದೆಂದು ಮೂರು ರೆಂಬೆಗಳಿಗೆ ಕೆಂಪು ದಾರ ಕಟ್ಟಿದ್ದನ್ನೂ ಮರೆತಿದ್ದರು. ರತ್ನಮ್ಮಗಾರು ಪೂಜಾಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಗಂಟೆ ಬಾರಿಸತೊಡಗಿದರು. ಗಂಟೆ ನಿಲ್ಲುವುದರೊಳಗೆ ನನ್ನ ಕೆಲಸ ಮುಗಿಯಬೇಕು. ಒಪ್ಪಂದ ಅಷ್ಟೇ.

ಚಾಕು ಎತ್ತಿಕೊಂಡೆ. ಇಟ್ಟೆ. ಗಿಣ್ಣಿನ ಮೇಲೆ ಕತ್ತರಿಸಬೇಕೋ ಕೆಳಗೋ? ಓರೆಯಾಗೋ ನೇರವಾಗೋ? ದಾರದ ಈಚೆಗೋ ಆಚೆಗೋ? ಗಂಟೆ ಬಾರಿಸುತ್ತಲೇ ಇತ್ತು. ಮೊದಲು ಭಕ್ತಿಯಿಂದ, ಆಮೇಲೆ ಬೇಸರದಿಂದ, ಆಮೇಲೆ ಕೈ ಬದಲಿಸಿದಂತೆ ಸ್ವಲ್ಪ ಬೇರೆ ತಾಳದಲ್ಲಿ.

ಒಳಗಿನಿಂದ ದನಿ ಬಂತು. “ಅಯಿಂದಾ ಬಾಬೂ?” ಆಯಿತೇ?

“ಇನ್ನೂ ಎರಡು ನಿಮಿಷ ಅಂಡಿ,” ಎಂದೆ. ಕದಿಯುವಾಗ ಕಳ್ಳ ಉತ್ತರ ಕೊಡಬಾರದು ಎಂಬುದು ಹೊಳೆದದ್ದು ಕೊಟ್ಟ ಮೇಲೆ.

“ಗಿಣ್ಣಿನ ಕೆಳಗೆ, ಗಿಣ್ಣಿನ ಕೆಳಗೆ!” ಎಂದು ಪಕ್ಕದ ಮನೆಯಾಕೆ ಗೋಡೆಯ ಮೇಲಿನಿಂದ ತೆಲುಗಿನಲ್ಲಿ ಪಿಸುಗುಟ್ಟಿದರು. ತಿರುಗಿ ನೋಡಿದರೆ ಅವರ ಜೊತೆ ಇನ್ನಿಬ್ಬರು. ಮೂವರೂ ಸೆರಗಿನಿಂದ ಕಣ್ಣು ಮುಚ್ಚಿಕೊಂಡು, ತಾವೂ ನೋಡುತ್ತಿಲ್ಲ ಎಂಬುದನ್ನು ನನಗೆ ತೋರಿಸುತ್ತಿದ್ದರು.

ಮತ್ತೆ ಚಾಕು ಎತ್ತಿ ದಾರದ ರೆಂಬೆಗೆ ತಾಗಿಸುವಷ್ಟರಲ್ಲಿ ಅಂಗಡಿಯಲ್ಲಿ ಮೆಣಸಿನಕಾಯಿ ಮೂಟೆ ಬಿಚ್ಚಿದರು. ಘಾಟು ಹಿತ್ತಿಲಿಗೆ ನುಗ್ಗಿತು. ನಾಲ್ಕು ಸೀನು ಸೀನಿದೆ. ಒಂದೊಂದು ಸೀನಿಗೆ ಒಂದೊಂದು ಕಡ್ಡಿ ತಾನಾಗಿ ತುಂಡಾಯಿತು, ನಾಲ್ಕನೆಯದಕ್ಕೆ ಚಾಕು ಕೈಬಿಟ್ಟು ಕಟ್ಟೆಯ ಮೇಲೆ ಬಿತ್ತು. ಸೀನು ಕಳ್ಳನನ್ನು ಹಿಡಿಸುತ್ತದೆ ಎಂದು ಬರೆದುಕೊಂಡಿದ್ದೆ. ಅದು ಕಳ್ಳತನವನ್ನೇ ಮಾಡಿ ಮುಗಿಸಿತು. ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದೆ. ಕಣ್ಣಲ್ಲಿ ಧಾರಾಕಾರ ನೀರು. ತಡವರಿಸುತ್ತ ಹಜಾರಕ್ಕೆ ಬಂದು, ಮೊಳೆಯಿಂದ ಕೊಡೆ ಎಳೆದುಕೊಂಡು, ಮಡಿಕೆಯೊಳಗೆ ಗಂಟು ತುರುಕಿ ಬಾಗಿಲಿಗೆ ನಡೆದೆ.

ಗಂಟೆ ನಿಂತಿತು. ರತ್ನಮ್ಮಗಾರು ಮಣಿಕಟ್ಟು ಉಜ್ಜಿಕೊಳ್ಳುತ್ತ ಹೊರಗೆ ಬಂದರು. ನನ್ನ ಕೈಯಲ್ಲಿ ಏನೂ ಇಲ್ಲವೆಂಬಂತೆ ಮುಖದತ್ತ ಮಾತ್ರ ನೋಡಿ, “ಆಗಲೇ ಹೊರಟ್ರಾ ಬಾಬೂ? ಅಳ್ತಾ ಇದ್ದೀರಾ?” ಎಂದರು.

“ಥ್ಯಾಂ...” ಎಂದಿತು ನನ್ನ ನಾಲಿಗೆ.

ಜಯಕ್ಕ ತೋಳಿಗೆ ಜಿಗುಟಿದಳು. ಉಳಿದ ಅಕ್ಷರಗಳು ‘ಅಮ್ಮಾ’ ಎಂಬುದಾಗಿ ಹೊರಬಂದವು. ಸ್ಟೇಷನ್ನಿನವರೆಗೂ ತೋಳು ಉಜ್ಜಿಕೊಳ್ಳುತ್ತ ಹೋದೆ.

ರೈಲಿನಲ್ಲಿ ಮೇಕೆಮರಿ ಇರಲಿಲ್ಲ. ಟಿಕೆಟ್ ಕಲೆಕ್ಟರು ನನ್ನ ಕೊಡೆಯ ಕಡೆ ಕಣ್ಣೆತ್ತಲಿಲ್ಲ. ಆರೇಳು ತಾಸು ಅದನ್ನು ಮಗುವಿನಂತೆ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಕೂತಿದ್ದೆ. ಮನೆಗೆ ಬಂದೊಡನೆ ಗಂಟು ಹೊರಗೆಳೆದು ಕೊಡೆಯನ್ನು ಬಾಗಿಲ ಹಿಂದೆ ನೇತುಹಾಕಿದೆ. ಚಿನ್ನಿ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳ ಕನ್ನಡ ಬೀದಿಗೆ ಹೋಗಿ ಬಂದಷ್ಟೂ ತೆಲುಗಾಗುತ್ತಿದ್ದ ಕಾಲ. “ನಾನ್ನಾ, ನೀನು ನಿಜಂಗಾ ದೊಂಗ ಆಗಿಬಿಟ್ಯಾ?” ಎಂದು ಕೇಳಿದಳು. ಪಾಟೀಲರು ಕಾಂಪೌಂಡಿನ ಆಚೆಯಿಂದ, “ಇಲ್ಲವ್ವಾ, ನಿಮ್ಮಪ್ಪ ಗೆಸ್ಟ್,” ಎಂದರು.

ಸರಳಾ ತನ್ನಲ್ಲಿದ್ದ ಅತ್ಯುತ್ತಮ ಪಾತ್ರೆಯನ್ನು ಮಲ್ಲಿಗೆಗೆ ಕೊಟ್ಟಳು: ತಳ ಹೋದ ಪ್ರೆಶರ್ ಕುಕ್ಕರು. ಮೂರು ಕಡ್ಡಿ ನೆಟ್ಟೆವು. ವಾರ ಕಳೆಯಿತು, ಎರಡಾಯಿತು. ಒಂದು ಕಡ್ಡಿ ಕಪ್ಪಾಯಿತು, ಇನ್ನೊಂದು ಅದರ ಹಿಂದೆಯೇ ಹೋಯಿತು. ಉಳಿದದ್ದು ಸತ್ತೂ ಇರಲಿಲ್ಲ, ಬದುಕಿಯೂ ಇರಲಿಲ್ಲ. ಆಫೀಸಿನಲ್ಲಿ ನನ್ನ ಪ್ರಮೋಷನ್ನಿನ ಫೈಲಿನಂತೆ ಸುಮ್ಮನೆ ನಿಂತಿತ್ತು. ಪಾಟೀಲರು ದಿನಾ ಬೆಳಿಗ್ಗೆ ಬಗ್ಗಿ ನೋಡಿ, “ಬಾಗಿನಾ ಬಾಗಿನಾನ ರೀ,” ಎಂದು ತಲೆ ಅಲ್ಲಾಡಿಸಿ ಡ್ಯೂಟಿಗೆ ಹೋಗುತ್ತಿದ್ದರು. ಅತ್ತ ಅಕ್ಕನಿಂದ ಪತ್ರ ಬಂತು: ಮನೆ ಬಿಟ್ಟಾಯಿತು, ಬಾವಿಗೆ ಮಣ್ಣು ತುಂಬಿದರು, ಮಲ್ಲಿಗೆ ಅದರ ಕೆಳಗೆ ಹೋಯಿತು, ಅತ್ತಯ್ಯ ಹೊಸ ಮನೆಯ ಬಾಲ್ಕನಿಯಲ್ಲಿ ಕೂತು ಕೆಳಗಿನ ಲಾರಿಗಳನ್ನು ನೋಡುತ್ತಾರೆ, ನಿನ್ನ ಗಿಡ ಹೇಗಿದೆ ಎಂದು ಮಾತ್ರ ಕೇಳುತ್ತಾರೆ.

ಏನೆಂದು ಬರೆಯಲಿ? ನಾಲ್ಕು ಸಲ ಇನ್‌ಲ್ಯಾಂಡ್ ಲೆಟರ್ ಬಿಡಿಸಿ, ‘ಕ್ಷೇಮ’ ಎಂದು ಬರೆದು ಮುಂದೆ ಬರೆಯಲಾರದೆ ಮಡಚಿಟ್ಟೆ. ನನ್ನಷ್ಟು ಸಭ್ಯನಲ್ಲದ ಯಾರಾದರೂ ಹೋಗಿದ್ದರೆ ಆ ಗಿಡ ಉಳಿಯುತ್ತಿತ್ತು ಎಂದು ನಿಜವಾಗಿ ಅನ್ನಿಸಿತು. ‘ಇನ್ನೂ ಎರಡು ನಿಮಿಷ ಅಂಡಿ’ ಎಂದ ಕಳ್ಳನ ಕೈಯಿಂದ ಯಾವ ಗಿಡ ತಾನೇ ಬದುಕೀತು?

ಒಂದು ಬೆಳಿಗ್ಗೆ ಜೋರು ಮಳೆ. ಆ ಸಲ ನಮ್ಮೂರಲ್ಲಿ ಮಳೆ ಕೈಕೊಟ್ಟಿದ್ದರಿಂದ ವಿಜಯವಾಡದಿಂದ ಬಂದ ಮೇಲೆ ಕೊಡೆ ಬಿಚ್ಚುವ ಪ್ರಸಂಗವೇ ಬಂದಿರಲಿಲ್ಲ. ಬಾಗಿಲಲ್ಲಿ ನಿಂತು ಬಿಚ್ಚಿದೆ. ನನ್ನ ಕೊಡೆಯ ಒಂದು ಕಡ್ಡಿ ಮುರಿದಿತ್ತು, ಮೇಲೆ ಸರಳಾ ಹಾಕಿದ ನೀಲಿ ತೇಪೆಯಿತ್ತು. ಇದು ಬಿಚ್ಚಿಕೊಂಡಿತು, ಬಿಚ್ಚಿಕೊಳ್ಳುತ್ತಲೇ ಹೋಯಿತು, ಸಣ್ಣ ಚಪ್ಪರದಷ್ಟಾಯಿತು. ಒಳಬದಿಯಲ್ಲಿ ಬಿಳಿ ಬಣ್ಣದಲ್ಲಿ ತೆಲುಗಿನಲ್ಲಿ ಒಂದು ಹೆಸರು. ಯಜಮಾನರದು. ಯಾರೂ ಮುಟ್ಟದ, ತಿಂಗಳಿಗೊಮ್ಮೆ ಬಿಸಿಲು ಕಾಣುವ ಆ ಕೊಡೆ.

ಅಂದು ಆಫೀಸಿಗೆ ಹೋಗಲಿಲ್ಲ. ಮೂರು ಪುಟ ಕ್ಷಮಾಪಣೆ ಬರೆದೆ. ಮೆಣಸಿನ ಘಾಟು, ಕಣ್ಣೀರು, ಎರಡು ಮೊಳೆಗಳ ನಡುವಿನ ಅಂತರ, ಎಲ್ಲವನ್ನೂ ವಿವರಿಸಿ, ಹಜಾರದ ಒಂದು ಚಿಕ್ಕ ನಕ್ಷೆಯನ್ನೂ ಬರೆದೆ. ಮುಂದಿನ ರಜೆಗೆ ನಾನೇ ಬಂದು ಕೊಡೆ ತಲುಪಿಸುತ್ತೇನೆಂದು ಮುಗಿಸಿದೆ.

ಅಕ್ಕ ಬರೆದ ಉತ್ತರ ಹೀಗಿತ್ತು: ‘ಲೋ, ಕೊಡೆ ಇಲ್ಲ ಅಂತ ಅತ್ತಯ್ಯನಿಗೆ ಅವತ್ತೇ ಗೊತ್ತಾಗಿತ್ತು. ಎರಡು ದಿನ ಊಟ ಮಾಡಲಿಲ್ಲ. ಯಾರು ತೆಗೆದಿದ್ದು ಅಂತ ಗೊತ್ತಿರಲಿಲ್ಲ ಕದಾ. ಮೊಳೆಯಲ್ಲಿ ಉಳಿದಿದ್ದ ತೇಪೆ ಕೊಡೆ ನಿನ್ನದು ಅಂತ ಯಾರಿಗೂ ಹೊಳೀಲಿಲ್ಲ, ಯಾವನೋ ಹಮಾಲಿಯದು ಅಂದ್ಕೊಂಡ್ವಿ. ನಿನ್ನ ಪತ್ರ ಓದಿ ಹೇಳಿದೆ. ನಿನ್ನ ನಕ್ಷೆ ಕೈಗೆ ತಗೊಂಡು ನೋಡಿದರು, ಆಮೇಲೆ ನಗೋಕೆ ಶುರು ಮಾಡಿದರು. ನಕ್ಕು ನಕ್ಕು ಕಣ್ಣೊರೆಸ್ಕೊಂಡು, “ಹಾಗಾದರೆ ಹುಡುಗ ನಿಜವಾಗಲೂ ಕದ್ದಿದ್ದಾನೆ. ಇನ್ನು ಗಿಡಕ್ಕೆ ಭಯವಿಲ್ಲ” ಅಂದರು. ಕೊಡೆ ತಿರುಗಿ ತರಬಾರದಂತೆ. ತಂದರೆ ಗಿಡ ಸಾಯುತ್ತಂತೆ. ನಿನ್ನ ತೇಪೆ ಕೊಡೆನ ಹೊಸ ಮನೆ ಮೊಳೆಗೆ ಹಾಕಿದ್ದಾರೆ.’

ಈ ಪತ್ರ ಬಂದ ದಿನ ಕುಕ್ಕರಿನಲ್ಲಿ ಎರಡು ಎಲೆ ಬಿಟ್ಟಿತ್ತೆಂದು ಹೇಳಿದರೆ ನೀವು ನಂಬುವುದಿಲ್ಲ. ನಂಬಬೇಡಿ. ಆ ದಿನ ಬಿಟ್ಟಿರಲಿಲ್ಲ. ಆರು ದಿನದ ನಂತರ ಬಿಟ್ಟಿತು. ಪಾಟೀಲರು ಕುಕ್ಕರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ಎಲೆ ನೋಡಿದರು. ಆಮೇಲೆ ಎದ್ದು ನನಗೊಂದು ಸಲ್ಯೂಟ್ ಹೊಡೆದು, “ಕಳ್ಳ ಅದೀರಿ ಬಿಡ್ರಿ,” ಎಂದರು.

ಪಟ್ಟಿಯ ಮೂವತ್ತೊಂದರಿಂದ ಹಾಗೆ ಏನೂ ಕೆಡಲಿಲ್ಲ. ಕೆಟ್ಟದ್ದು ಪಟ್ಟಿಯಲ್ಲೇ ಇಲ್ಲದ ಆ ಒಂದು ಕೊಡೆಯಿಂದ.

ಎರಡನೇ ಬೇಸಿಗೆಗೆ ಗಿಡ ಮೊದಲ ಬಾರಿ ಹೂಬಿಟ್ಟಿತು. ಸುದ್ದಿ ಕೇಳಿ ರತ್ನಮ್ಮಗಾರು ಜಯಕ್ಕನ ಜೊತೆ ರೈಲು ಹತ್ತಿ ಬಂದರು. ಬೂಟಿನ ಕೊತ್ತಂಬರಿ, ಪೀಠದ ಟೇಬಲ್ ರೋಸ್ ಎಲ್ಲ ದಾಟಿ ಕುಕ್ಕರಿನ ಹತ್ತಿರ ಕೂತರು. ಹೂ ಕೀಳಲಿಲ್ಲ, ಬೆರಳ ತುದಿಯಿಂದ ಅದರ ಸುತ್ತುಗಳನ್ನು ಒಂದೊಂದಾಗಿ ಬಿಡಿಸಿ ಎಣಿಸಿದರು. ಏಳು ಇದ್ದವೆಂದು ಕಾಣುತ್ತದೆ, ಎದ್ದು ಒಳಗೆ ಬಂದರು. ಬಾಗಿಲ ಹಿಂದಿನ ಮೊಳೆಯಲ್ಲಿ ಕೊಡೆ ತೂಗುತ್ತಿತ್ತು. ಅಡಗಿಸಿಡಬೇಕೆಂದು ಬೆಳಿಗ್ಗೆಯಿಂದ ಯೋಚಿಸಿ, ಎಲ್ಲಿ ಅಡಗಿಸುವುದೆಂದು ತೋಚದೆ ಅಲ್ಲೇ ಬಿಟ್ಟಿದ್ದೆ.

ಅವರು ಅದರ ಮುಂದೆ ನಿಂತರು. ಹಿಡಿಕೆಯ ಮೇಲಿದ್ದ ಧೂಳನ್ನು ಸೆರಗಿನ ತುದಿಯಿಂದ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಹೇಳಿದರು:

“ನೇನು ಏಮೀ ಚೂಡಲೇದು ಬಾಬೂ.”

ನಾನೇನೂ ನೋಡಲಿಲ್ಲ.